ಕಂಬದಲ್ಲೇ ನೇತಾಡುತ್ತಿರುವ ಪೈಪೋಟಿ

ಮಾನ್ಯ ಬ್ರಾಡ್‌ಬ್ಯಾಂಡ್ ನಿಯಂತ್ರಣಾಧಿಕಾರಿಗಳೇ,

ನಮ್ಮ ಬೀದಿಯಲ್ಲಿ ಎರಡು ಇಂಟರ್ನೆಟ್ ಕಂಪನಿಗಳ ನಡುವೆ ಭಾರೀ ಪೈಪೋಟಿ ನಡೆದಿದೆ ಎಂದು ನಿಮ್ಮ ಕಚೇರಿ ಲಿಖಿತವಾಗಿ ತಿಳಿಸಿದೆ. ಹದಿನೆಂಟು ವರ್ಷದಿಂದ ಇಲ್ಲೇ ಇರುವ ನನ್ನ ಕಣ್ಣಿಗೆ ಅದು ಬಿದ್ದಿಲ್ಲ. ಹಳೆಯ ಕಂಪನಿಯ ಲೈನು ವಾರಕ್ಕೆ ಮೂರು ಸಲ ಮಲಗುತ್ತದೆ. ಹೊಸ ಕಂಪನಿಯ ಕೇಬಲ್ಲು ಮನೆಯೆದುರಿನ ಕಂಬದಲ್ಲಿ ಸುರುಳಿ ಸುತ್ತಿಕೊಂಡು ಮೂರು ವರ್ಷದಿಂದ ನೇತಾಡುತ್ತಿದೆ, ಒಂದು ಮನೆಯೊಳಕ್ಕೂ ಇಳಿದಿಲ್ಲ. ಆದರೂ ನಿಮ್ಮ ನಕ್ಷೆಯಲ್ಲಿ ನಾವು ‘ಪೈಪೋಟಿ ಇರುವ ಪ್ರದೇಶ’. ಅಂಥ ಕಡೆ, ಕೆಟ್ಟ ಲೈನನ್ನು ಒಂದೇ ದಿನದಲ್ಲಿ ಸರಿಪಡಿಸಬೇಕೆಂಬ ನಿಯಮ ಅನಗತ್ಯವೆಂದು ನೀವು ತೆಗೆದುಹಾಕಿದಿರಿ. ಬೇಸತ್ತ ಗ್ರಾಹಕ ಇನ್ನೊಂದು ಕಂಪನಿಗೆ ಹೋಗುತ್ತಾನಂತೆ. ಎಲ್ಲಿಗೆ ಹೋಗಲಿ ಸ್ವಾಮೀ, ಕಂಬ ಹತ್ತಲೇ? ಹತ್ತಲು ನನಗೇನೂ ಕಷ್ಟವಿಲ್ಲ. ಕೇಬಲ್ ಎಳೆಯುವುದೇ ನನ್ನ ಕಸುಬು.

ಕಷ್ಟ ಇರುವುದು ನನ್ನ ಅಕ್ಕನಿಗೆ. ಆಕೆ ಕಿವಿ ಕೇಳದ ರೋಗಿಗಳಿಗೂ ದೂರದೂರಿನ ಆಸ್ಪತ್ರೆಯ ವೈದ್ಯರಿಗೂ ನಡುವೆ ದುಭಾಷಿ. ಹಿಂದಿನ ಕೋಣೆಯಲ್ಲಿ ನೀಲಿ ಪರದೆಯ ಮುಂದೆ ಕೂತು, ವೈದ್ಯರ ಮಾತನ್ನು ವಿಡಿಯೋದಲ್ಲಿ ಕೈಸನ್ನೆಯಿಂದ ಮುಟ್ಟಿಸುತ್ತಾಳೆ. ಮೊಬೈಲಿನಲ್ಲಿ ಪ್ರಯತ್ನಿಸಿದರೆ ಬೆರಳುಗಳೆಲ್ಲ ಮಸುಕು. ಕಳೆದ ತಿಂಗಳು ವೈದ್ಯರು ಎರಡು ಮಾತ್ರೆಗಳನ್ನು ಒಟ್ಟಿಗೆ ನುಂಗಬಾರದು ಎನ್ನುತ್ತಿದ್ದಾಗಲೇ ಚಿತ್ರ ನಿಂತುಹೋಯಿತು. ಆ ಕಡೆಯ ಅಜ್ಜಿ ಮರ್ಯಾದೆಗೆ ತಲೆಯಾಡಿಸಿ ಎದ್ದು ಹೊರಟರಂತೆ. ನರ್ಸ್ ಬಾಗಿಲಲ್ಲಿ ತಡೆದು ಚೀಟಿ ಬರೆದು ತೋರಿಸಿದ್ದರಿಂದ ಬಚಾವು. ಮರುದಿನವೇ ಆಸ್ಪತ್ರೆಯಿಂದ ಫೋನ್: “ಮೇಡಂ, ನಿಮ್ಮ ಕೆಲಸದ ಬಗ್ಗೆ ಎರಡು ಮಾತಿಲ್ಲ. ಆದ್ರೆ ಮುಂದಿನ ತಿಂಗಳ ಕೊನೆಯೊಳಗೆ ಲೈನ್ ಸರಿಹೋಗದಿದ್ರೆ ಬೇರೆಯವರನ್ನ ನೋಡ್ಕೋಬೇಕಾಗತ್ತೆ.” ಅಕ್ಕ ನಿಮಗೆ ದೂರು ಕೊಟ್ಟಳು. “ಸದರಿ ಬೀದಿಯಲ್ಲಿ ಪರ್ಯಾಯ ಸೇವೆ ಲಭ್ಯವಿರುವುದರಿಂದ ದೂರನ್ನು ಮುಕ್ತಾಯಗೊಳಿಸಲಾಗಿದೆ” ಎಂದು ಉತ್ತರ ಬಂತು. ದೂರು ಮುಕ್ತಾಯವಾಯಿತು ನಿಜ. ಲೈನು ಮಾತ್ರ ಆ ವಾರವೂ ನಾಲ್ಕು ದಿನ ಇರಲಿಲ್ಲ.

ಇನ್ನು ನನ್ನ ವಿಷಯ. ನಾನು ಹೊಸ ಕಂಪನಿಯ ಒಂದಿಷ್ಟು ಷೇರು ಹಿಡಿದವನೂ ಹೌದು. ಶನಿವಾರ ಬೆಳಿಗ್ಗೆ ದರ್ಜಿಯ ಅಂಗಡಿಯ ಹಿಂದೆ, ಇಸ್ತ್ರಿ ಮೇಜಿನ ಸುತ್ತ, ನಾವು ಮೂವರು ಷೇರುಪೇಟೆಯನ್ನು ಉದ್ಧಾರ ಮಾಡುತ್ತೇವೆ. ನಿವೃತ್ತ ಗಣಿತದ ಮೇಷ್ಟ್ರು ಮೊನ್ನೆ ತೀರ್ಪು ಕೊಟ್ಟರು: “ಹಳೇ ಕಂಪನಿ ಷೇರು ಮಾರಿಬಿಡಿ. ಹೊಸಬರು ಐದು ಲಕ್ಷ ಮನೆ ತಲುಪಿದಾರೆ. ಗ್ರಾಹಕರೆಲ್ಲ ಅತ್ತ ಓಡ್ತಾರೆ, ಈ ಬೆಲೆ ನಿಲ್ಲಲ್ಲ.”

ದರ್ಜಿ ಬಾಯಲ್ಲಿದ್ದ ಗುಂಡುಪಿನ್ನು ತೆಗೆದು ಕೇಳಿದ: “ತಲುಪೋದು ಅಂದ್ರೇನು ಮೇಷ್ಟ್ರೇ? ಬಟ್ಟೆ ಕತ್ತರಿಸಿಟ್ಟು ಅಂಗಿ ಕೊಟ್ಟಾಯ್ತು ಅಂದ್ರೆ ಒಪ್ತೀರಾ? ಬೀದೀಲಿ ಒಬ್ಬರಾದ್ರೂ ಹೊಸ ಲೈನ್ ಹಾಕ್ಸಿದಾರಾ?”

“ನಿಯಂತ್ರಣ ಕಚೇರಿ ನಕ್ಷೇಲೇ ಇದೆ ಕಣಯ್ಯಾ. ಅವರೇನು ನೋಡದೆ ಹಾಕ್ತಾರಾ?”

ಕೇಬಲ್ಲಿನವನೆಂದು ಇಬ್ಬರೂ ನನ್ನತ್ತ ತಿರುಗಿದರು. ನಾನು ಅಂಗಿಯ ಗುಂಡಿ ನೋಡಿಕೊಳ್ಳುತ್ತ ಕೂತೆ. ಆ ಸುರುಳಿ ಕಟ್ಟಿದವನು ನಾನೇ.

ನಮ್ಮ ಕೆಲಸದ ರೀತಿ ನಿಮಗೆ ತಿಳಿದಿರಲಿಕ್ಕಿಲ್ಲ. ನಮ್ಮ ತಂಡ ಹೊಸ ಕಂಪನಿಗಾಗಿ ಕಂಬದಿಂದ ಕಂಬಕ್ಕೆ ಕೇಬಲ್ ಎಳೆದು, ಮನೆಗಳಿಗೆ ಬೇಕಾಗುವಷ್ಟನ್ನು ಸುರುಳಿ ಕಟ್ಟಿಡಬೇಕು. ಮನೆಗೆ ಜೋಡಿಸುವ ತಂಡ ಆಮೇಲೆ ಬರುತ್ತದೆ. ಜೋಡಣೆ ಮುಗಿದ ಮೇಲಷ್ಟೇ ಫೋನಿನಲ್ಲಿರುವ ಕಂಪನಿಯ ಆ್ಯಪಿನಲ್ಲಿ ಆ ಮನೆ ‘ಸಿದ್ಧ’ ಎಂದು ಒತ್ತಬೇಕು. ಆದರೆ ‘ಸಿದ್ಧ’ ಮನೆಗಳು ಹೆಚ್ಚಿರುವ ಬೀದಿಗಳೇ ಜೋಡಿಸುವ ತಂಡದ ಪಟ್ಟಿಯಲ್ಲಿ ಮೇಲೆ ಬರುತ್ತಿದ್ದವು. ನಮ್ಮ ಬೀದಿಗೆ ಬೇಗ ಜನ ಬರಲಿ, ಅಕ್ಕನಿಗೆ ಅನುಕೂಲವಾಗಲಿ ಎಂದು ಅರವತ್ತನಾಲ್ಕು ಮನೆಗೂ ನಾನು ಮೊದಲೇ ಒತ್ತಿಬಿಟ್ಟೆ. ಎಲ್ಲ ಮನೆಯೂ ಸಿದ್ಧವೆಂದ ಮೇಲೆ ಕಂಪನಿ ಮತ್ತೆ ಜನ ಕಳಿಸುವುದೇಕೆ? ಯಾರೂ ಬರಲಿಲ್ಲ. ಬೇರೆ ಬೀದಿಗಳಲ್ಲಿ ನನ್ನಂಥವರು ಎಷ್ಟು ಜನ ಒತ್ತಿದರೋ, ಕಂಪನಿ ಎಲ್ಲವನ್ನೂ ಕೂಡಿಸಿ ಐದು ಲಕ್ಷ ಎಂದು ಸಾರಿತು, ಷೇರು ಏರಿತು, ನಾನೂ ಹಿಗ್ಗಿ ಒಂದಿಷ್ಟು ಷೇರು ಕೊಂಡೆ. ಮೇಷ್ಟ್ರು ನಿಮ್ಮ ನಕ್ಷೆಯನ್ನು ನಂಬಿದರು, ನೀವು ಕಂಪನಿಯ ವರದಿಯನ್ನು ನಂಬಿದಿರಿ, ಕಂಪನಿ ನನ್ನ ಹೆಬ್ಬೆರಳನ್ನು ನಂಬಿತು. ಕಂಬದ ಕೆಳಗೆ ನಿಂತು ಕತ್ತೆತ್ತಿ ನೋಡುವ ಕೆಲಸ ಯಾರದ್ದಾಗಿತ್ತು?

ಭಾನುವಾರ ಅಕ್ಕನಿಗೆ ಎಲ್ಲ ಹೇಳಿದೆ. ಕ್ಯಾಮೆರಾದ ಗಾಜು ಒರೆಸುತ್ತಿದ್ದವಳು ಕೈ ನಿಲ್ಲಿಸಿದಳು.

“ಮೂರು ವರ್ಷದಿಂದ ಗೊತ್ತಿತ್ತಾ ನಿಂಗೆ?”

“ಹೂಂ.”

“ನಂಗೆ ಹೇಳಿ ಏನು ಬಂತು? ಅವರಿಗೆ ಬರಿ.”

ಅಷ್ಟೇ ಅಂದಳು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ನಾಚಿಕೆಯಿಂದ ಅಂದಿನಿಂದ ಆ ಕೋಣೆಯತ್ತ ಸುಳಿದಿಲ್ಲ.

ತಪ್ಪು ತಿದ್ದಲು ಕಂಪನಿಗೆ ಹೋದೆ. ‘ಸಿದ್ಧ’ ಎಂದದ್ದನ್ನು ಹಿಂತೆಗೆಯುವ ವ್ಯವಸ್ಥೆಯೇ ಇಲ್ಲವಂತೆ. ನಿಮಗಾದರೂ ಆ ಅಧಿಕಾರ ಇದೆ. ನಮ್ಮ ಬೀದಿಯನ್ನು ‘ಪೈಪೋಟಿ ಇರುವ ಪ್ರದೇಶ’ದ ನಕ್ಷೆಯಿಂದ ತೆಗೆಯಿರಿ, ಒಂದು ದಿನದ ನಿಯಮವನ್ನು ಮರಳಿ ತನ್ನಿ, ಉಳಿದ ಬೀದಿಗಳಿಗೂ ಯಾರನ್ನಾದರೂ ಕಳಿಸಿ ನೋಡಿಸಿ. ಷೇರು ಬಿದ್ದರೆ ಬೀಳಲಿ, ನನ್ನದೂ ಬೀಳುತ್ತದೆ. ಆಸ್ಪತ್ರೆ ಕೊಟ್ಟ ಗಡುವಿಗೆ ಹತ್ತೊಂಬತ್ತು ದಿನ ಉಳಿದಿದೆ. ನನಗೆ ಶಿಕ್ಷೆ ಕೊಡುವುದಿದ್ದರೆ ಅಷ್ಟರೊಳಗೆ ಕೊಡಿ. ಅಕ್ಕನ ಕುರ್ಚಿ ಖಾಲಿಯಾದ ಮೇಲೆ ನೀವು ಏನು ಕೊಟ್ಟರೂ ನನಗೆ ಅದು ಎರಡನೆಯ ಶಿಕ್ಷೆಯಾಗಿರುತ್ತದೆ.

ಇಂತಿ,
ಹಳೆಯ ಕಂಪನಿಯ ಗ್ರಾಹಕ, ಹೊಸ ಕಂಪನಿಯ ಷೇರುದಾರ,
ಅಕ್ಕನಿಗೆ ಮುಖ ತೋರಿಸಲಾರದ ಒಬ್ಬ ಕೇಬಲ್ ಕೆಲಸಗಾರ