ಅಮ್ಮನ ಎಡಗೆನ್ನೆ

ಭಾನುವಾರ, ಮಧ್ಯಾಹ್ನ

ಮಹಾ ನಿರ್ದೇಶಕಿ ‘ಒನ್ ಮೋರ್’ ಅವರಿಗೆ,

ಮೊದಲು ‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದೆ. ಹಾಳೆಯ ತಲೆಯಲ್ಲಿ ಆ ಗೀಟು ಕಾಣುತ್ತಿರಬೇಕು, ಕಾಣಲಿ. ನಿನ್ನ ಫೋನ್ ಎತ್ತದೇ ಇರುವುದು ಬೇಕೆಂದೇ. ಫೋನಿನಲ್ಲಿ ನೀನು ಮಾತಿನಲ್ಲೇ ಮಂಟಪ ಕಟ್ಟುತ್ತೀಯ, ನಾನು ಹೋಗಿ ಅದರೊಳಗೆ ಕೂರುತ್ತೇನೆ. ಅದಕ್ಕೇ ಈ ಪತ್ರ. ನಿನ್ನ ರೂಮಿನ ಬಾಗಿಲ ಕೆಳಗೆ ತೂರಿಸಿ ಬರುತ್ತೇನೆ, ಬಾಗಿಲು ತಟ್ಟುವುದಿಲ್ಲ.

ವಿಷಯ ಇಷ್ಟೇ. ಬುಧವಾರ ನಮ್ಮ ಸಿನಿಮಾ ಸ್ಪರ್ಧೆಗೆ ಹೋಗುವಾಗ ನನ್ನ ಅಮ್ಮನ ಆ ಕ್ಲೋಸಪ್ ಅದರಲ್ಲಿ ಇರಕೂಡದು. ಇದ್ದರೆ ಎಡಿಟರ್ ಎಂಬಲ್ಲಿ ನನ್ನ ಹೆಸರೂ ಇರಕೂಡದು.

ನಿನ್ನ ಸಿನಿಮಾದ ತಾಯಿ ಪಾತ್ರಕ್ಕೆ ಯಾರೂ ಸಿಗದೆ ನೀನು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಅಮ್ಮನನ್ನು ಒಪ್ಪಿಸಿದವಳು ನಾನು. ಕೆಲಸಕ್ಕಿದ್ದ ಲಾಂಡ್ರಿಯಲ್ಲಿ ಹಬೆಯ ಕೊಳವೆ ಒಡೆದು ಅವಳ ಎಡಗೆನ್ನೆ ಬೆಂದಾಗ ನಾನಿನ್ನೂ ಹುಟ್ಟಿರಲಿಲ್ಲ. ಅಂದಿನಿಂದ ಅವಳು ಬಸ್ಸಿನಲ್ಲಿ ಎಡಗೆನ್ನೆ ಕಿಟಕಿಗೆ ಬರುವಂತೆಯೇ ಕೂರುವುದು. ಅಂಥ ಹೆಂಗಸು ಕ್ಯಾಮೆರಾದ ಮುಂದೆ ಕೂರಲು ಒಪ್ಪಿ ನಿನಗೆ ಹೇಳಿದ್ದು ಒಂದೇ ಮಾತು: “ಎಡಗಡೆ ಮಾತ್ರ ಬೇಡಮ್ಮ. ಅದೊಂದು ನಡೆಸ್ಕೊಟ್ರೆ ಎಷ್ಟು ಹೊತ್ತು ಬೇಕಾದ್ರೂ ಕೂತ್ಕೋತೀನಿ.” ನೀನು ಅವಳ ಕೈ ಹಿಡಿದು ಮಾತು ಕೊಟ್ಟೆ. ನಾನು ಪಕ್ಕದಲ್ಲೇ ಇದ್ದೆ.

ಶೂಟಿಂಗ್ ದಿನ ನೀನು ಮಾತು ಉಳಿಸಿಕೊಂಡೆ, ಇಲ್ಲ ಎನ್ನುವುದಿಲ್ಲ. ಮೇಜಿನ ಆಚೆ ಮಗಳ ಪಾತ್ರದ ಹುಡುಗಿ, ಈಚೆ ಅಮ್ಮ. ಕ್ಯಾಮೆರಾ ಅಮ್ಮನ ಬಲಗಡೆ. ಪರದೆಯ ಮೇಲೆ ಅಮ್ಮ ಬಲಕ್ಕೆ ನೋಡುತ್ತಾಳೆ, ಹಾಗಾದರೆ ಮಗಳು ಎಡಕ್ಕೆ ನೋಡಬೇಕು. ಇದು ಕಾಲೇಜಿನಲ್ಲಿ ನಮಗೆ ಸಿನಿಮಾ ಮೇಷ್ಟ್ರು ಕಲಿಸಿದ ಮೊದಲ ಪಾಠ. ಎದುರುಬದುರು ಕೂತ ಇಬ್ಬರಲ್ಲಿ ಒಬ್ಬರಿಂದ ಇನ್ನೊಬ್ಬರವರೆಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕ್ಯಾಮೆರಾ ಇದನ್ನು ದಾಟಿತೋ ಕೆಟ್ಟಿರಿ ಎಂದಿದ್ದರು. ನೀನು ಆಗಲೂ ಆಕಳಿಸುತ್ತಿದ್ದೆ. ಶೂಟಿಂಗ್ ದಿನ ಅಮ್ಮನ ಭಾಗ ಮುಗಿಸಿ ನಾನು ಅವಳನ್ನು ಮನೆಗೆ ಬಿಡಲು ಹೋದೆ. ಅಷ್ಟರಲ್ಲಿ ನೀನು ಆಚೆ ಬದಿಯ ಕಿಟಕಿಯ ಬೆಳಕು ಚೆನ್ನಾಗಿದೆಯೆಂದು ಕ್ಯಾಮೆರಾ ಎತ್ತಿಕೊಂಡು ಗೆರೆ ದಾಟಿ ಮಗಳ ಶಾಟ್ ತೆಗೆದೆ. ಯಾರಾದರೂ ಬೇಡ ಅಂದರೇ? ನಿನಗೆ ಬೇಡ ಎನ್ನುವ ಕೆಲಸ ಯಾವತ್ತೂ ನನ್ನದೇ ಆಗಿತ್ತು.

ಎಡಿಟಿಂಗ್ ಕೋಣೆಯಲ್ಲಿ ಎರಡೂ ಶಾಟ್ ಜೋಡಿಸಿದರೆ ತಾಯಿ ಮಗಳು ಇಬ್ಬರೂ ಬಲಕ್ಕೇ ನೋಡುತ್ತಿದ್ದರು, ಒಂದೇ ಬಸ್ಸಿನ ಹಿಂದೆ ಮುಂದೆ ಸೀಟಿನಲ್ಲಿ ಕೂತವರಂತೆ. ಜಗಳದ ದೃಶ್ಯ, ಆದರೆ ಮುಖ ಕೊಟ್ಟು ಜಗಳವಾಡುವವರೇ ಇಲ್ಲ. ಮಗಳ ಶಾಟ್ ಇನ್ನೊಮ್ಮೆ ತೆಗೆಯೋಣ ಎಂದೆ. ಆ ಹುಡುಗಿ ಕೂದಲು ಕತ್ತರಿಸಿಕೊಂಡಿದ್ದಾಳೆ, ಆಗುವುದಿಲ್ಲ ಎಂದೆ ನೀನು. ಸರಿ, ಅಮ್ಮನ ಕ್ಲೋಸಪ್ಪೇ ಬೇಡ, ದೂರದ ಶಾಟ್ ಸಾಕು, ಅದರಲ್ಲಿ ಅವಳ ಬೆನ್ನು ಕಾಣುತ್ತದೆ ಎಂದೆ ನಾನು. ನೀನು ಹೂಂಗುಟ್ಟಿದೆ. ನಾನು ಹಾಗೇ ಕತ್ತರಿಸಿ ಮುಗಿಸಿದೆ.

ನಿನ್ನೆ ಪ್ರದರ್ಶನಕ್ಕೆ ಅಮ್ಮನನ್ನು ಬಲವಂತವಾಗಿ ಎಳೆದುಕೊಂಡು ಬಂದೆ. ಆ ದೃಶ್ಯ ಬಂತು. ದೂರದ ಶಾಟ್‌ನಲ್ಲಿ ಅಮ್ಮನ ಬಲಗೈ ಲೋಟದ ಮೇಲಿದೆ. ಮರುಕ್ಷಣವೇ ಕ್ಲೋಸಪ್, ಅದರಲ್ಲಿ ಅವಳು ಎಡಗೈಯಿಂದ ಲೋಟ ಎತ್ತಿದಳು. ನನ್ನ ಅಮ್ಮ ಎಡಗೈಯಿಂದ ನೀರು ಕುಡಿದವಳೇ ಅಲ್ಲ. ಆಗ ನಿನ್ನ ಕಿತಾಪತಿ ತಿಳಿಯಿತು. ನನಗೆ ಹೇಳದೆ ಅಮ್ಮನ ಶಾಟನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ ಸೇರಿಸಿಬಿಟ್ಟಿದ್ದೀಯ: ಅವಳ ನೋಟ ಮಗಳತ್ತ ತಿರುಗಿತು, ಬಲಗೆನ್ನೆ ಎಡಗೆನ್ನೆಯಾಯಿತು. ಮಗಳ ಶಾಟ್ ತಿರುಗಿಸಿದ್ದರೆ ಅವಳ ಬೆನ್ನ ಹಿಂದಿದ್ದ ಗಡಿಯಾರದ ಅಂಕಿಗಳು ಉಲ್ಟಾ ಆಗುತ್ತಿದ್ದವು. ನನ್ನ ಅಮ್ಮನ ಹಿಂದೆ ಬರೀ ಗೋಡೆ, ಅವಳು ಸಿಕ್ಕಳು.

ಕಣ್ಣಿಗೆ ಕಣ್ಣು ಸೇರಿದೆ ಎಂದು ಮೇಷ್ಟ್ರು ನಿನ್ನ ಬೆನ್ನು ತಟ್ಟಿದರು. ಪರದೆಯ ತುಂಬ ಇದ್ದದ್ದು ಅಮ್ಮನ ಎಡಗೆನ್ನೆ, ನುಣ್ಣಗೆ, ಒಂದು ಗೆರೆಯಿಲ್ಲದೆ. ಹೊರಗೆ ನಿನ್ನನ್ನು ಕೇಳಿದಾಗ, “ಸುಟ್ಟಿದ್ದನ್ನ ನಾನು ತೋರಿಸ್ಲೇ ಇಲ್ವಲ್ಲೇ, ಕೊಟ್ಟ ಮಾತು ಉಳಿಸ್ಕೊಂಡಿದೀನಿ” ಅಂದೆ. ಆಹಾ! ತೋರಿಸಲಿಲ್ಲ, ಅಳಿಸಿದೆ. ಅವಳು ಇಪ್ಪತ್ತು ವರ್ಷಕ್ಕೂ ಮೇಲೆ ಹೊತ್ತು ತಿರುಗಿದ್ದು ನಿನಗೆ ಒಂದು ಗುಂಡಿ ಒತ್ತುವ ಕೆಲಸ. ನಿನ್ನ ತಪ್ಪು ಮುಚ್ಚಲು ನಿನಗೆ ನನ್ನ ಅಮ್ಮನ ಮುಖವೇ ಬೇಕಿತ್ತೇ?

ಅಮ್ಮ ಕತ್ತಲಲ್ಲಿ ಕೈಯೆತ್ತಿ ಎಡಗೆನ್ನೆ ಮುಟ್ಟಿಕೊಂಡದ್ದನ್ನು ನಾನು ನೋಡಿದೆ. ಮನೆಗೆ ಬಂದವಳೇ ಬಚ್ಚಲಿಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದಳು. ಅವಳನ್ನು ಅಷ್ಟು ನೋಯಿಸಿದ್ದಕ್ಕೆ ನಿನ್ನನ್ನು ನಾನು ಕ್ಷಮಿಸುವುದಿಲ್ಲ. ಆ ಶಾಟ್ ಬಂದಾಗ ಅರೆಗಳಿಗೆ ನನಗೇ ಅವಳ ಗುರುತು ಸಿಗಲಿಲ್ಲ. ಯಾರೀ ಚೆಲುವೆ ಅನ್ನಿಸಿತು, ಅದಕ್ಕೂ ನಿನ್ನ ಮೇಲೆ ಕೋಪವಿದೆ.

ನನ್ನ ಹೆಡ್‌ಫೋನನ್ನು ಕಾಲೇಜಿನ ಆಫೀಸಿನಲ್ಲಿ ಕೊಟ್ಟುಬಿಡು. ನನ್ನೆದುರು ಬರಬೇಡ.

ಇನ್ನು ಮೇಲೆ ನಿನ್ನ ಯಾರೂ ಅಲ್ಲದ,
ಕತ್ತರಿ

ಮರೆತ ಮಾತು: ಪತ್ರ ಮಡಿಸುವಾಗ ಅಮ್ಮ ಬಂದು, ಯಾರಿಗೆ ಇಷ್ಟುದ್ದ ಎಂದಳು. ಓದಿ ಹೇಳಿದೆ. ಅವಳ ಪರವಾಗಿ ಬರೆದಿದ್ದೇನೆ, ಮೆಚ್ಚುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು ಆ ಶಾಟನ್ನು ಫೋಟೋ ಮಾಡಿಸಲು ಆಗುತ್ತದೆಯೇ ಎಂದು. ಆಮೇಲೆ ಹೇಳಿದಳು: “ತೆಗೆಸ್ಬೇಡ ಕಣೇ. ಸುಡೋಕೆ ಮುಂಚೆ ನಾನು ಹಾಗೇ ಇದ್ದೆ. ನೀನು ನೋಡೇ ಇರ್ಲಿಲ್ವಲ್ಲ.”

ಶಾಟ್ ಇರಲಿ. ಆದರೆ ಆ ಎಡಗೈ ಲೋಟ ಯಾರ ಕಣ್ಣಿಗಾದರೂ ಬಿದ್ದರೆ ಗುಟ್ಟು ರಟ್ಟಾಗುತ್ತದೆ. ಅವಳು ಲೋಟ ಕೆಳಗಿಟ್ಟ ಮೇಲಿನಿಂದ ಶಾಟ್ ಶುರುವಾಗಬೇಕು, ಆಗ ಬರೀ ಮುಖ ಉಳಿಯುತ್ತದೆ. ನೀನು ಕೈ ಹಾಕಿದರೆ ಅದನ್ನೂ ಕೆಡಿಸುತ್ತೀಯ. ನಾಳೆ ಬೆಳಿಗ್ಗೆ ನಾನೇ ಬಂದು ಕತ್ತರಿಸುತ್ತೇನೆ. ನೀನು ಆ ಕೋಣೆಯಲ್ಲಿ ಇರಕೂಡದು.