ದೀಪದ ಹುಳುವಿನ ವಿಷಯದಲ್ಲಿ ನನ್ನ ತಪ್ಪು

ಅಕ್ಟೋಬರ್ ೯, ಗುರುವಾರ

ತಮ್ಮನಿಗೆ ಇಂದೂ ಉತ್ತರ ಬರೆಯಲಿಲ್ಲ. ಕುಡಿತ ಬಿಟ್ಟು ಎರಡು ವರ್ಷವಾಯಿತು, ಒಮ್ಮೆ ಮನೆಗೆ ಬರಲೇ ಎಂದು ಕೇಳಿದ್ದಾನೆ.

ಸಂಜೆ ಹೊರಬಾಗಿಲ ದೀಪಕ್ಕೆ ಹುಳುಗಳು ಮುತ್ತಿದ್ದವು. "ನೋಡು, ಆಸೆಪಟ್ಟು ಸಾಯುವ ಜಾತಿ" ಎಂದೆ. ಕೀಟಶಾಸ್ತ್ರ ಓದುತ್ತಿರುವ ಮೊಮ್ಮಗಳು ನಕ್ಕುಬಿಟ್ಟಳು.

"ಆಸೆನೂ ಇಲ್ಲ, ಮಣ್ಣಂಗಟ್ಟಿನೂ ಇಲ್ಲ ತಾತ! ಬೆಳಕಿರೋ ಕಡೆನೇ ಆಕಾಶ ಅಂತ ಅತ್ತ ಬೆನ್ನು ಮಾಡಿ ಹಾರ್ತವೆ. ದೀಪದ ಹತ್ರ ಬಂದ್ರೆ ಮೇಲ್ಯಾವುದು ಕೆಳಗ್ಯಾವುದು ತಿಳಿಯದೆ ಅಲ್ಲೇ ಸುತ್ತುತ್ತವೆ. ಪಾಪ, ಬಿಡಿಸ್ಕೊಂಡು ಹೋಗೋಕಾಗಲ್ಲ. ನಿಮ್ಮ ಪಾಠಕ್ಕೆ ಸೊನ್ನೆ!"

ಮೂವತ್ತೆರಡು ವರ್ಷ ಮೇಷ್ಟ್ರಾಗಿ ತರಗತಿಯಲ್ಲಿ ಇದನ್ನೇ ತಪ್ಪಾಗಿ ಹೇಳಿದೆನೆಂಬುದು ಅಷ್ಟಾಗಿ ಬಾಧಿಸಲಿಲ್ಲ. ಆದರೆ ತಾಯಿ ತೀರಿಕೊಂಡ ದಿನ ತೂರಾಡುತ್ತ ಬಂದ ತಮ್ಮನಿಗೆ, "ನೀನು ದೀಪದ ಹುಳು, ಬೇಕೆಂದೇ ಬೀಳುವವನು" ಎಂದು ನೆಂಟರೆಲ್ಲ ಕೇಳುವಂತೆ ಹೇಳಿದ್ದೆ. "ಬಿಡೋಕೆ ಆಗ್ತಿಲ್ಲ ಅಣ್ಣಾ" ಎಂದಿದ್ದ ಅವನು. ಅದು ನೆಪವೆಂದು ತೀರ್ಮಾನಿಸಿ ಅವನನ್ನು ಹೊರಗೆ ಕಳುಹಿಸಿದವನು ನಾನೇ.

ಈಗ "ಬಾ" ಎಂದು ಬರೆದರೆ ನಾನು ಅವನನ್ನು ಕ್ಷಮಿಸಿದಂತಾಗುತ್ತದೆ. ಕ್ಷಮೆ ಕೇಳಬೇಕಾದವನು ನಾನು, ಆದ್ದರಿಂದ ನಾನೇ ಹೋಗತಕ್ಕದ್ದು. ಮೊದಲ ಬಸ್ಸು ಆರು ಗಂಟೆಗೆ. ಅವನ ಬಾಗಿಲಲ್ಲಿ ನಿಂತು ಮೊದಲು ಯಾವ ಮಾತನ್ನಾಡಲಿ, ಅದೇ ಇನ್ನೂ ಹೊಳೆಯುತ್ತಿಲ್ಲ.