ಕಾರು ಯಾರು ಓಡಿಸಬೇಕು

ಚಿನ್ನೂ,

ನೀನು ಏಳುವಷ್ಟರಲ್ಲಿ ನಾವು ಹೊರಟಿರುತ್ತೇವೆ. ಎಬ್ಬಿಸಿದರೆ ಎಲ್ಲಿ ಅತ್ತುಬಿಡುತ್ತೇನೋ ಅಂತ ಎಬ್ಬಿಸಲಿಲ್ಲ.

ಹಾಲು ಕಾಯಿಸಿಟ್ಟಿದ್ದೇನೆ. ಮಹಡಿಯ ಗಿಡಗಳಿಗೆ ನೀರು ಹಾಕು, ಹೋದ ಸಲದ ಹಾಗೆ ಒಣಗಿಸಬೇಡ. ಡ್ರೈವಿಂಗ್ ಕಲಿಯುವವರು ಬಂದರೆ ಮೇಷ್ಟ್ರು ರಜೆಯಲ್ಲಿದ್ದಾರೆ ಅನ್ನು. ಅಷ್ಟೇ ಹೇಳು.

ನಿನ್ನೆ ಟೈರಿಗೆ ಗಾಳಿ ಹಾಕಿಸಿಕೊಂಡು ಬರುವಾಗ, ಸಿಗ್ನಲ್‌ನಲ್ಲಿ ಕೆಂಪು ದೀಪ ನೋಡಿ ಅಪ್ಪ, "ಇದಕ್ಕೆ ಹೋಗ್ಬೇಕಾ, ನಿಲ್ಬೇಕಾ?" ಅಂತ ಕೇಳಿದರು. ಅರ್ಧ ಊರಿಗೆ ಕಾರು ಕಲಿಸಿದ ಮನುಷ್ಯ! ತಮಾಷೆ ಇರಬೇಕು ಅಂತ ಮುಖ ನೋಡಿದೆ. ತಮಾಷೆಯಲ್ಲ. "ನಿಲ್ಸಿ!" ಅಂತ ಕಿರುಚಿಬಿಟ್ಟೆ.

ಪ್ರವಾಸ ಬೇಡ ಅನ್ನಲು ಬಾಯಿ ಬರಲಿಲ್ಲ. ಯಾವ ಕಡಲತೀರದಲ್ಲಿ ಈಜಬೇಕು, ಯಾವ ಪೇಟೆ ಸುತ್ತಬೇಕು, ಎಲ್ಲಿ ಮೀನು ಚೆನ್ನಾಗಿರುತ್ತೆ ಅಂತ ಚಳಿಗಾಲದಿಂದ ಹೇಳುತ್ತಲೇ ಇದ್ದಾರೆ. ವಾಪಸ್ ಬಂದ ಕೂಡಲೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋಣ. ನೀನೂ ಬರಬೇಕು, ನನಗೆ ಒಬ್ಬಳಿಗೇ ಆಗುವುದಿಲ್ಲ. ಅಪ್ಪ ಫೋನಿನಲ್ಲಿ ಕೇಳಿದ್ದನ್ನೇ ಮತ್ತೆ ಕೇಳಿದರೆ ನಗಬೇಡ.

ಕಾರು ನಾನೇ ಓಡಿಸುತ್ತೇನೆ ಅಂತ ಅವರಿಗೆ ಹೇಗೆ ಹೇಳುವುದೋ ಅಂತ ಒದ್ದಾಡುತ್ತಿದ್ದೆ. ಈಗ ಕಿಟಕಿಯಿಂದ ನೋಡಿದರೆ, ಅವರಾಗಲೇ ಪಕ್ಕದ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡಿದ್ದಾರೆ.

ನಾನಿನ್ನೂ ಏನೂ ಹೇಳಿಲ್ಲ, ಮಗಳೇ. ಅವರಿಗೇ ಗೊತ್ತಾಗಿದೆ.

ಅಮ್ಮ